ಹಳೇ ಬೋರ್ಡನ್ನು ಗುಜರಿಗೆ ಹಾಕುವ ಮುನ್ನ!



ನಿಮ್ಮಲ್ಲಿ ಅನೇಕರ ಮನೆಯ ಕಂಪ್ಯೂಟರಿಗೆ ಐದಾರು ವರ್ಷ ದಾಟಿದೆ. ವಿಡಿಯೋ ಎಡಿಟಿಂಗಿಗೆ ಕೂತರೆ ತೆವಳುತ್ತದೆ. ಎಸ್.ಪಿ. ರೋಡಿಗೆ ಹೋಗಿ ಹೊಸ ಪ್ರೊಸೆಸರ್ ಕೇಳಿದರೆ ಒಂದು ಸಿದ್ಧ ಉತ್ತರ ಸಿಗುವುದುಂಟು: "ಬೋರ್ಡು ಹಳೇದು, ಎಲ್ಲಾ ಬದಲಾಯಿಸಿ." ಎಲ್ಲಾ ಅಂದರೆ? ಬೋರ್ಡಿನ ಜೊತೆ ರ‍್ಯಾಮೂ ಹೋಯಿತು ಅಂತಲೇ ಅರ್ಥ. ಎಎಂಡಿಯ ಎಎಂ5 ಬೋರ್ಡಿಗೆ ನಿಮ್ಮ ಡಿಡಿಆರ್4 ರ‍್ಯಾಮ್ ಕೂರುವುದಿಲ್ಲ. ಒಂದು ಚಿಪ್ ತರಲು ಹೋದವನು ಅರ್ಧ ಕಂಪ್ಯೂಟರ್ ಹೊತ್ತು ತರುತ್ತಾನೆ!

ಆ ಮಾತು ಕೆಲವೊಮ್ಮೆ ನಿಜ. ಎಷ್ಟೋ ಸಲ ನಿಜವಲ್ಲ. ಯಾವಾಗ ನಿಜ, ಯಾವಾಗ ಅಲ್ಲ ಎಂದು ತಿಳಿಯದಿದ್ದರೆ ದುಡ್ಡು ಹೋಗುವುದು ನಿಮ್ಮದೇ.

ಮದರ್‌ಬೋರ್ಡಿನ ಮೇಲೆ ಉಗುರಿನಷ್ಟಗಲದ ಒಂದು ಚಿಪ್ ಇದೆ. ಅದರೊಳಗಿನ ತಂತ್ರಾಂಶವೇ ಬಯಾಸ್. ಸ್ವಿಚ್ ಒತ್ತಿದಾಗ ಮೊದಲು ಏಳುವುದು ಅದು, ವಿಂಡೋಸ್ ಅಲ್ಲ. ಪ್ರೊಸೆಸರನ್ನು ಗುರುತಿಸಿ, ಅದಕ್ಕೆ ಎಷ್ಟು ವೋಲ್ಟೇಜ್ ಬೇಕೆಂದು ನೋಡಿ, ರ‍್ಯಾಮನ್ನು ಎಬ್ಬಿಸುವುದು ಅದರ ಕೆಲಸ. ಬೋರ್ಡು ತಯಾರಾದ ಮೇಲೆ ಹುಟ್ಟಿದ ಪ್ರೊಸೆಸರಿನ ಹೆಸರು ಅದರ ಹಾಜರಿ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಪ್ರೊಸೆಸರ್ ಸತ್ತೇಹೋಯಿತೆಂದು ನಾವು ತಲೆಯ ಮೇಲೆ ಕೈ ಹೊತ್ತು ಕೂರುತ್ತೇವೆ. ಸತ್ತಿಲ್ಲ ಸ್ವಾಮಿ, ಪುಸ್ತಕದಲ್ಲಿ ಹೆಸರಿಲ್ಲ, ಅಷ್ಟೆ!

ಎಎಂಡಿಯ ಎಎಂ4 ಸಾಕೆಟ್ಟನ್ನೇ ನೋಡಿ. 2017ರ ಮಾರ್ಚಿನಲ್ಲಿ ಮೊದಲ ರೈಜನ್ ಬಂತು. 2019ರ ಜುಲೈನಲ್ಲಿ ರೈಜನ್ 3000, 2020ರ ನವೆಂಬರಿನಲ್ಲಿ 5000. ಸಾಕೆಟ್ ಅದೇ, ತೂತುಗಳು ಅವೇ 1331. ಅಡ್ಡ ನಿಂತದ್ದು ಬಯಾಸ್. ಅನೇಕ ಹಳೇ ಬೋರ್ಡುಗಳ ಆ ಚಿಪ್ಪಿನಲ್ಲಿ ಇದ್ದದ್ದು 16 ಎಂಬಿ ಜಾಗ. ಇಷ್ಟು ತಲೆಮಾರುಗಳ ಜಾತಕ ಅಷ್ಟರಲ್ಲಿ ಹಿಡಿಸುವುದಿಲ್ಲ. ಕೆಲವು ತಯಾರಕರು ಬಯಾಸ್ ಪರದೆಯ ಅಲಂಕಾರ ಕಿತ್ತುಹಾಕಿದರು, ಕೆಲವರು ಅತಿ ಹಳೇ ಪ್ರೊಸೆಸರುಗಳ ಹೆಸರು ಹೊಡೆದರು.

2020ರ ಮೇ ತಿಂಗಳಲ್ಲಿ ಇದೇ ಜಾಗದ ಕಾರಣ ಮುಂದಿಟ್ಟು, ಮುಂದಿನ ಪ್ರೊಸೆಸರುಗಳು ಎಕ್ಸ್570, ಬಿ550 ಬೋರ್ಡುಗಳಲ್ಲಿ ಮಾತ್ರ ಓಡುತ್ತವೆ ಎಂದು ಎಎಂಡಿ ಸಾರಿತು. ಬಿ550 ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ! ಎಕ್ಸ್570 ದುಬಾರಿ. ಎಎಂ4 ಬಹುಕಾಲ ಬಾಳುತ್ತದೆಂದು ನಂಬಿ ಬಿ450 ಕೊಂಡಿದ್ದವರ ಗತಿ ಏನು? ಗ್ರಾಹಕರು ಸುಮ್ಮನೆ ಕೂರಲಿಲ್ಲ. ಜಗತ್ತಿನ ಎಲ್ಲೆಡೆಯಿಂದ ಬೈಗುಳ ಬಿತ್ತು. ಎರಡು ವಾರ ತುಂಬುವುದರೊಳಗೆ ಕಂಪನಿ ಮಾತು ಬದಲಿಸಿತು, ಬಿ450 ಮತ್ತು ಎಕ್ಸ್470ಕ್ಕೂ ದಾರಿ ಬಿಟ್ಟಿತು. 2022ರಲ್ಲಿ 2017ರ ಬಿ350, ಎಕ್ಸ್370 ಬೋರ್ಡುಗಳಿಗೂ ಅನುಮತಿ ಬಂತು. ಆಗುವುದೇ ಇಲ್ಲ ಎಂದದ್ದು ಆಯಿತು!

ಹಾಗೆಂದು ಸಾಕೆಟ್ ಒಂದೇ ಇದ್ದರೆ ಸಾಕು ಎಂದು ಹಾರಬೇಡಿ. 2017ರ ಅಕ್ಟೋಬರಿನಲ್ಲಿ ಇಂಟೆಲ್ ತಂದ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಹಿಂದಿನ ಎಲ್‌ಜಿಎ 1151 ಆಕಾರದ್ದೇ. ಆದರೂ ಹಳೇ ಬೋರ್ಡುಗಳಿಗೆ ಕಂಪನಿ ಅದನ್ನು ಬಿಡಲಿಲ್ಲ. ಆದ್ದರಿಂದ ಬೋರ್ಡು ತಯಾರಕರ ಜಾಲತಾಣದಲ್ಲಿ ಪ್ರೊಸೆಸರ್ ಪಟ್ಟಿ ನೋಡಿ. ಯಾವ ಪ್ರೊಸೆಸರಿಗೆ ಯಾವ ಬಯಾಸ್ ಆವೃತ್ತಿಯಿಂದ ಬೆಂಬಲ ಎಂದು ಅಲ್ಲಿರುತ್ತದೆ. ಬೋರ್ಡಿನ ಪೂರ್ತಿ ಹೆಸರು ಬೇಕು, ಅದರ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆಯೂ ಬೇಕು. ಒಂದಕ್ಷರ ತಪ್ಪಿದರೆ ಅದು ಬೇರೆ ಬೋರ್ಡು. ನಿಮ್ಮಲ್ಲಿ ಈಗಿರುವ ಆವೃತ್ತಿಯನ್ನು ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ ತೋರಿಸುತ್ತದೆ.

ಇನ್ನು ಮುಖ್ಯವಾದ ಮಾತು. ಹಳೇ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯಾಸ್ ಬದಲಾಯಿಸಿ! ಅದನ್ನು ಕಿತ್ತು ಮಾರಿ, ಹೊಸದನ್ನು ಹಾಕಿ, ಕಪ್ಪು ಪರದೆಯ ಮುಂದೆ ಕೂತರೆ ಬಯಾಸ್ ಬರೆಯುವವರು ಯಾರು? ಕೆಲವು ಬೋರ್ಡುಗಳ ಹಿಂಬದಿಯಲ್ಲಿ ಫ್ಲಾಶ್‌ಬ್ಯಾಕ್ ಗುಂಡಿ ಇರುತ್ತದೆ. ಅದಿದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬರೆಯಬಹುದು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಬಡವನ ಬೋರ್ಡಿಗೇ ಬೇಕಾದ ಗುಂಡಿಯನ್ನು ಸಾಹುಕಾರನ ಬೋರ್ಡಿಗೆ ಇಟ್ಟಿದ್ದಾರೆ!

ಕಡತವನ್ನು ತಯಾರಕರ ತಾಣದಿಂದಲೇ ಇಳಿಸಿ, ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯಾಸ್ ಪರದೆಯಲ್ಲೇ ಇರುವ ಸಲಕರಣೆಯಿಂದ ಬರೆಯಿರಿ. ವಿಂಡೋಸಿನ ಒಳಗಿಂದ ಬೇಡ. ನಡುವೆ ಇನ್ನೊಂದು ಆವೃತ್ತಿ ಹಾಕಬೇಕೆಂದು ಸೂಚನೆ ಇದ್ದರೆ ದಾಟಿ ಹೋಗಬೇಡಿ. ಕೆಲವು ಬೋರ್ಡುಗಳಲ್ಲಿ ಹೊಸ ಬಯಾಸ್ ಹಾಕಿದ ಮೇಲೆ ಹಿಂದಕ್ಕೆ ಬರಲಾಗದು, ಹಳೇ ಪ್ರೊಸೆಸರ್ ಓಡದೆಯೂ ಹೋಗಬಹುದು.

ಬರೆಯುವ ಆ ಕೆಲವು ನಿಮಿಷ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದಿದ್ದರೆ ಗೆಳೆಯನದು ತನ್ನಿ. ಮಳೆ ಗುಡುಗುವ ಸಂಜೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಬಯಾಸ್ ಅಳಿಸಿದ ಬೋರ್ಡು ಎಂಥದೆಂದು 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಜಗತ್ತಿಗೇ ತೋರಿಸಿತು, ಎಷ್ಟೋ ಕಂಪ್ಯೂಟರುಗಳು ಮರುದಿನ ಏಳಲೇ ಇಲ್ಲ. ಅಂಥ ಚಿಪ್ಪಿಗೆ ಹೊರಗಿನಿಂದ ಬರೆಯುವ ಯಂತ್ರ ಈಗ ರಿಪೇರಿಯವರಲ್ಲಿ ಇರುತ್ತದೆ. ಹೊಸ ಬೋರ್ಡು ಕೊಳ್ಳುವ ಮುನ್ನ ಅದನ್ನೂ ಕೇಳಿ.

ವಿಂಡೋಸಿನಲ್ಲಿ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಮೊದಲೇ ಕಾಗದದಲ್ಲಿ ಬರೆದಿಡಿ. ಬಯಾಸ್ ಬದಲಾದರೆ ಅದು ಕೀ ಕೇಳಬಹುದು. ಇಲ್ಲದಿದ್ದರೆ ನಿಮ್ಮ ಕಡತ ನಿಮಗೇ ಸಿಗದು. ಹೊಸ ಪ್ರೊಸೆಸರ್ ಕೂರಿಸಿ ಮೊದಲ ಸಲ ಸ್ವಿಚ್ ಒತ್ತಿದಾಗ ಪರದೆ ಕೆಲ ನಿಮಿಷ ಕಪ್ಪಾಗಿರಬಹುದು, ಯಂತ್ರ ತಾನೇ ಆರಿ ಮತ್ತೆ ಏಳಬಹುದು. ರ‍್ಯಾಮನ್ನು ಪಳಗಿಸುತ್ತಿದೆ. ಹೆದರಿ ಪ್ಲಗ್ ಕೀಳಬೇಡಿ. ಎದ್ದ ಮೇಲೆ ಬಯಾಸಿಗೆ ಹೋಗಿ ರ‍್ಯಾಮಿನ ವೇಗ ಮತ್ತೆ ಹೊಂದಿಸಿ, ಹಳೆಯ ಹೊಂದಾಣಿಕೆಗಳೆಲ್ಲ ಅಳಿಸಿಹೋಗಿರುತ್ತವೆ.