ಲೋಮಂಡ್ ಸರೋವರ: ಚೆಲುವಿನ ಹಿಂದಿನ ಚರಿತ್ರೆ

ಸರೋವರಕ್ಕೆ ಸ್ಕಾಟ್ಲೆಂಡಿನ ಜನ ‘ಲಾಖ್’ ಎನ್ನುತ್ತಾರೆ. ಆ ಪದದ ಕೊನೆಯ ವ್ಯಂಜನ ಗಂಟಲಿನಾಳದಿಂದ ಉಜ್ಜಿಕೊಂಡು ಬರಬೇಕು. ನೆರೆಯ ಇಂಗ್ಲೆಂಡಿನವರ ನಾಲಗೆಗೂ ಅದು ಸುಲಭವಾಗಿ ಒಗ್ಗುವುದಿಲ್ಲ. ಆ ನಾಡಿನ ಅಸಂಖ್ಯ ಲಾಖ್‌ಗಳಲ್ಲಿ ವಿಸ್ತಾರದಿಂದ ಮೊದಲನೆಯದು ಗ್ಲಾಸ್ಗೋ ನಗರದ ವಾಯವ್ಯಕ್ಕಿರುವ ಲೋಮಂಡ್. ಉದ್ದ ಸುಮಾರು 36 ಕಿಲೋಮೀಟರು, ಹರವು 71 ಚದರ ಕಿಲೋಮೀಟರು, ಅತ್ಯಂತ ಆಳವಾದ ಕಡೆ 190 ಮೀಟರು. ಪೂರ್ವದ ದಡದಲ್ಲಿ 974 ಮೀಟರು ಎತ್ತರದ ಬೆನ್ ಲೋಮಂಡ್ ಶಿಖರ. ನೀರಿನ ನಡುವೆ ಹಿರಿದು ಕಿರಿದಾದ ಮೂವತ್ತರಷ್ಟು ದ್ವೀಪಗಳು. ಎರಡು ಶತಮಾನಗಳಿಂದ ಪ್ರವಾಸಿಗರು ಇಲ್ಲಿಗೆ ಏಕಾಂತವನ್ನು ಅರಸಿ ಬರುತ್ತಿದ್ದಾರೆ. ಆ ಏಕಾಂತ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸರೋವರದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ನಾವು ಮಲೆನಾಡು, ಬಯಲುಸೀಮೆ ಎಂದು ವಿಂಗಡಿಸುವಂತೆ ಸ್ಕಾಟ್ಲೆಂಡಿನವರು ತಮ್ಮ ನಾಡನ್ನು ಹೈಲ್ಯಾಂಡ್ಸ್, ಲೋಲ್ಯಾಂಡ್ಸ್ ಎಂದು ವಿಂಗಡಿಸುತ್ತಾರೆ. ಇವೆರಡರ ಗಡಿ ಈ ಸರೋವರದ ನೀರಿನೊಳಗೇ ಹಾದುಹೋಗಿದೆ. ಭೂಮಿಯ ಚಿಪ್ಪಿನಲ್ಲಿ ಬಹು ಪುರಾತನ ಕಾಲದಲ್ಲಿ ಬಿಟ್ಟ ಒಂದು ಬಿರುಕು ದೇಶದ ಅಡ್ಡಲಾಗಿ ಓಡಿ, ಇಲ್ಲಿ ಇಂಚ್‌ಮರಿನ್, ಇಂಚ್‌ಕೈಲಖ್ ಮೊದಲಾದ ದ್ವೀಪಗಳ ಸಾಲಾಗಿ ತಲೆಯೆತ್ತಿದೆ. ಬಿರುಕಿನ ಉತ್ತರಕ್ಕೆ ಗಡುಸಾದ ಬಂಡೆ, ದಕ್ಷಿಣಕ್ಕೆ ಅದಕ್ಕಿಂತ ಮೆತ್ತನೆಯ ಕಲ್ಲು. ಹಿಮಯುಗದಲ್ಲಿ ಬೆಟ್ಟಗಳಿಂದ ಇಳಿದ ಹಿಮನದಿ ಉತ್ತರದ ಗಡುಸು ನೆಲದಲ್ಲಿ ಕಿರಿದಾದ ಆಳವಾದ ಕಣಿವೆಯನ್ನು ಕೊರೆಯಿತು; ದಕ್ಷಿಣದ ಬಯಲಿಗೆ ಬಂದೊಡನೆ ಕೈಕಾಲು ಚಾಚಿ ಹರಡಿಕೊಂಡಿತು. ಸುಮಾರು ಹನ್ನೆರಡು ಸಾವಿರ ವರ್ಷಗಳ ಹಿಂದೆ ಮರಳಿ ಬಂದ ಕೊನೆಯ ಹಿಮಕ್ಕೆ ಭೂವಿಜ್ಞಾನಿಗಳು ಈ ಸರೋವರದ ಹೆಸರನ್ನೇ ಕೊಟ್ಟಿದ್ದಾರೆ. ಹೀಗಾಗಿ ಲೋಮಂಡ್ ಬಡಗಣ ದಿಕ್ಕಿನಲ್ಲಿ ಕತ್ತಿಯ ಅಲಗಿನಂತೆಯೂ ತೆಂಕಣ ದಿಕ್ಕಿನಲ್ಲಿ ಬೀಸಣಿಗೆಯಂತೆಯೂ ಕಾಣುತ್ತದೆ.

ಗಡಿಯ ನೀರು ಯಾವತ್ತೂ ನೆಮ್ಮದಿಯ ನೀರಲ್ಲ. 1263ರಲ್ಲಿ ನಾರ್ವೆಯ ದೊರೆ ಹಾಕೋನನ ಹಡಗುಪಡೆ ಪಶ್ಚಿಮದ ಕಡಲಿಗೆ ಬಂದಾಗ, ಅದರ ಒಂದು ಭಾಗ ನೆರೆಯ ಕಡಲಕೈಯೊಂದರ ತುದಿಯವರೆಗೆ ಸಾಗಿ, ಅಲ್ಲಿಂದ ದೋಣಿಗಳನ್ನು ನೆಲದ ಮೇಲೆ ಎಳೆದು ತಂದು ಈ ಸರೋವರಕ್ಕೆ ಇಳಿಸಿತು. ಕಡಲಿನ ಭಯವಿಲ್ಲವೆಂದು ನಂಬಿದ್ದ ದ್ವೀಪವಾಸಿಗಳ ಮನೆಗಳು ಸೂರೆಹೋದುವು. ದೋಣಿ ಎಳೆದ ಜಾಗದ ಹೆಸರು ಟಾರ್ಬೆಟ್; ಗೇಲಿಕ್ ಭಾಷೆಯಲ್ಲಿ ದೋಣಿಯನ್ನು ಹೊತ್ತು ದಾಟಿಸುವ ನೆಲ ಎಂದೇ ಅದರ ಅರ್ಥ.

ಆದರೆ ಈ ದಡಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕಠೋರವಾದ ಅಧ್ಯಾಯ ಒಂದು ಹೆಸರಿಗೆ ಸಂಬಂಧಿಸಿದ್ದು. ಹೈಲ್ಯಾಂಡಿನ ಜನ ಕುಲಗಳಾಗಿ ಬದುಕುತ್ತಿದ್ದರು. ಕುಲದ ಹೆಸರೇ ವ್ಯಕ್ತಿಗೆ ಆಸರೆ, ಸಾಕ್ಷಿ, ನ್ಯಾಯ. 1603ರ ಫೆಬ್ರವರಿಯಲ್ಲಿ, ಸರೋವರದ ನೈಋತ್ಯಕ್ಕಿರುವ ಫ್ರೂಯಿನ್ ಕಣಿವೆಯಲ್ಲಿ ಮೆಕ್‌ಗ್ರೆಗರ್ ಕುಲದವರು ಕಹೂನ್ ಕುಲದವರನ್ನು ಸೋಲಿಸಿ ಬಹು ಮಂದಿಯನ್ನು ಕೊಂದರು. ದೊರೆ ಆರನೆಯ ಜೇಮ್ಸ್ ಆಗ ಇಂಗ್ಲೆಂಡಿನ ಸಿಂಹಾಸನವನ್ನೂ ಏರಲಿದ್ದ ಗಳಿಗೆ. ಏಪ್ರಿಲ್ ತಿಂಗಳಲ್ಲಿ ರಾಜಸಭೆಯ ಆಜ್ಞೆ ಹೊರಟಿತು: ಇನ್ನು ಮುಂದೆ ಮೆಕ್‌ಗ್ರೆಗರ್ ಎಂಬ ಹೆಸರನ್ನು ಯಾರೂ ಇಟ್ಟುಕೊಳ್ಳಕೂಡದು, ಇಟ್ಟುಕೊಂಡವರಿಗೆ ಮರಣದಂಡನೆ. ಕೊಂದವರನ್ನು ಮಾತ್ರ ದಂಡಿಸಿ ಸುಮ್ಮನಾಗದೆ, ಹುಟ್ಟಲಿರುವ ಮಕ್ಕಳ ಹೆಸರನ್ನೂ ಆ ಆಜ್ಞೆ ಕಿತ್ತುಕೊಂಡಿತು. 1661ರಲ್ಲಿ ಅದು ರದ್ದಾಯಿತು. 1693ರಲ್ಲಿ ಮತ್ತೆ ಜಾರಿಗೆ ಬಂತು. ಕೊನೆಗೆ ತೊಲಗಿದ್ದು 1774ರಲ್ಲಿ.

ಈ ಕುಲದಲ್ಲಿ ಹುಟ್ಟಿದವನು ರಾಬ್ ರಾಯ್. ‘ರಾಯ್’ ಎಂದರೆ ಕೆಂಪ. ಅವನ ಕೂದಲಿನ ಬಣ್ಣದಿಂದ ಬಂದ ಹೆಸರು. 1671ರಲ್ಲಿ ಹುಟ್ಟಿದ ಅವನು ಸರೋವರದ ಪೂರ್ವದಡದ ಇನ್ವರ್‌ಸ್ನೇಡ್ ಸುತ್ತಿನ ಜಮೀನನ್ನು ಹಿಡಿದು ದನದ ವ್ಯಾಪಾರ ನಡೆಸುತ್ತಿದ್ದ. ತಂದೆಯ ಹೆಸರು ನಿಷಿದ್ಧವಾಗಿದ್ದುದರಿಂದ ತಾಯಿಯ ಕುಲದ ಕ್ಯಾಂಬೆಲ್ ಎಂಬ ಹೆಸರನ್ನು ಬಳಸಿದ. ಮಾಂಟ್ರೋಸ್ ಡ್ಯೂಕನಿಂದ ತಂದ ಹಣ ತೀರದೆ ಹೋದಾಗ ಜಮೀನು ಹೋಯಿತು; ಕಾಯಿದೆಯ ಕಣ್ಣಿನಲ್ಲಿ ಅವನು ದೇಶಭ್ರಷ್ಟನಾದ. ಮುಂದೆ ಡ್ಯೂಕನ ದನಗಳನ್ನೂ ಗೇಣಿಯ ಹಣವನ್ನೂ ದೋಚುತ್ತ ಕಾಡಿನಲ್ಲಿ ಬಾಳಿದ. ಅವನಂಥವರನ್ನು ಹದ್ದಿನಲ್ಲಿಡಲು ಸರ್ಕಾರ ಇನ್ವರ್‌ಸ್ನೇಡಿನಲ್ಲಿ ಸೈನ್ಯದ ಠಾಣೆಯನ್ನೇ ಕಟ್ಟಿತು. ಆದರೂ 1734ರಲ್ಲಿ ಅವನು ತನ್ನ ಮನೆಯಲ್ಲಿಯೇ ಸತ್ತ.

ಇನ್ನು ವರ್ಷಗಳ ಲೆಕ್ಕವನ್ನು ಗಮನಿಸಬೇಕು. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಸ್ಟುವರ್ಟ್ ವಂಶದ ಪಕ್ಷ ಸೋತು ಹೈಲ್ಯಾಂಡ್ ಕುಲಗಳ ಬಲ ಮುರಿಯಿತು. ಅವರ ಆಯುಧಗಳಿಗೂ ಉಡುಪಿಗೂ ನಿಷೇಧ ಬಂತು. ಕುರಿಗಳಿಗಾಗಿ ಹೈಲ್ಯಾಂಡಿನ ಕಣಿವೆಗಳು ತೆರವಾಗತೊಡಗಿದುವು. 1773ರಲ್ಲಿ ಡಾಕ್ಟರ್ ಜಾನ್ಸನ್ ಮತ್ತು ಬಾಸ್ವೆಲ್ ಈ ಸರೋವರವನ್ನು ನೋಡಿ ಹೋದರು. 1803ರಲ್ಲಿ ಕವಿ ವರ್ಡ್ಸ್‌ವರ್ತ್, ತಂಗಿ ಡೊರೊಥಿ ಮತ್ತು ಕೋಲ್‌ರಿಜ್ ಬಂದರು. ಇನ್ವರ್‌ಸ್ನೇಡಿನಲ್ಲಿ ಕಂಡ ಒಬ್ಬ ಹುಡುಗಿ ವರ್ಡ್ಸ್‌ವರ್ತನ ಕವಿತೆಯಾದಳು. 1817ರ ಕೊನೆಗೆ ವಾಲ್ಟರ್ ಸ್ಕಾಟನ ‘ರಾಬ್ ರಾಯ್’ ಕಾದಂಬರಿ ಹೊರಬಂದು, ಓದಿದವರೆಲ್ಲ ಆ ಕೆಂಪುಕೂದಲಿನವನ ಗುಹೆಯನ್ನು ನೋಡಲು ಉಗಿದೋಣಿ ಹತ್ತಿದರು. ಹೆಸರಿನ ನಿಷೇಧ ತೊಲಗಿ ಆಗಿನ್ನೂ ನಲವತ್ತಮೂರು ವರ್ಷ. ಶಕ್ತಿಯಿದ್ದಾಗ ಉಚ್ಚರಿಸಲೂ ಬಾರದಿದ್ದ ಹೆಸರು, ಶಕ್ತಿ ಉಡುಗಿದ ಮೇಲೆ ಪ್ರವಾಸಿಗರ ನಾಲಗೆಗೆ ಸವಿಯಾಯಿತು. ಸರೋವರದ ಹೆಸರನ್ನು ಲೋಕದ ತುಂಬ ಹರಡಿದ ಜನಪ್ರಿಯ ಹಾಡನ್ನೂ ಐತಿಹ್ಯ ಸೋತವರಿಗೇ ಅಂಟಿಸುತ್ತದೆ. ಸೆರೆಸಿಕ್ಕಿ ಸಾವಿಗೆ ಕಾದಿರುವ ಸಿಪಾಯಿಯೊಬ್ಬನ ಮಾತು ಅದು ಎನ್ನುತ್ತಾರೆ.

ಸರೋವರದ ನೀರು ಹೊರಹರಿಯುವ ತೆಂಕಣ ತುದಿಯಲ್ಲಿ ಚರಿತ್ರೆಯ ಇನ್ನೊಂದು ಮುಖವಿದೆ; ಪ್ರವಾಸಿಗರ ಕಣ್ಣು ಅದರ ಮೇಲೆ ಬೀಳುವುದು ಅಪರೂಪ. ಅಲ್ಲಿಂದ ಹೊರಟ ಲೆವೆನ್ ನದಿ ಹತ್ತು ಕಿಲೋಮೀಟರಿಗೂ ಕಡಿಮೆ ದೂರ ಹರಿದು ಕ್ಲೈಡ್ ನದಿಯನ್ನು ಸೇರುತ್ತದೆ. ಈ ಕಣಿವೆಯಲ್ಲಿ 1721ರಲ್ಲಿ ಹುಟ್ಟಿದ ಕಾದಂಬರಿಕಾರ ಸ್ಮಾಲೆಟ್ ಈ ತಿಳಿನೀರನ್ನು ಹೊಗಳಿ ಕವಿತೆ ಬರೆದ. ಅದೇ ತಿಳಿನೀರು ಬಟ್ಟೆಗೆ ಬಣ್ಣ ಹಾಕುವವರನ್ನೂ ಕರೆಯಿತು. 19ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ, ಬಾನ್‌ಹಿಲ್, ರೆಂಟನ್ ಊರುಗಳು ‘ಟರ್ಕಿ ಕೆಂಪು’ ಎಂಬ ಗಟ್ಟಿಬಣ್ಣಕ್ಕೆ ಹೆಸರಾದುವು. ಮೊದಲು ಮಂಜಿಷ್ಠದ ಜಾತಿಯ ಬೇರಿನಿಂದಲೂ, ಆಮೇಲೆ ರಾಸಾಯನಿಕವಾಗಿ ತಯಾರಾದ ಅಲಿಜರಿನ್‌ನಿಂದಲೂ ನೂಲಿಗೆ ಕೆಂಪೇರಿಸುತ್ತಿದ್ದರು. ಎಣ್ಣೆ, ಪಟಿಕ, ಮತ್ತೆ ಮತ್ತೆ ತೊಳೆತ, ಹೀಗೆ ಹತ್ತಾರು ಹಂತಗಳ ಕೆಲಸ. ಬೆಟ್ಟದ ಕಣಿವೆಗಳನ್ನು ಬಿಟ್ಟು ಬಂದವರೂ ಐರ್ಲೆಂಡಿನಿಂದ ಬಂದವರೂ ಇಲ್ಲಿ ಕೂಲಿಯಾದರು.

ಈ ಕೆಂಪಿಗೆ ದೊಡ್ಡ ಮಾರುಕಟ್ಟೆ ನಮ್ಮ ದೇಶ. ನವಿಲು, ಮಾವಿನಕಾಯಿಯ ಕುಡಿ, ಹೂಬಳ್ಳಿಗಳನ್ನು ಅಚ್ಚೊತ್ತಿದ ಬಟ್ಟೆ ಮುಂಬಯಿ, ಕಲ್ಕತ್ತ, ಮದರಾಸುಗಳ ಬಂದರುಗಳಿಗೆ ಬರುತ್ತಿತ್ತು. ಗಂಟಿನ ಮೇಲಿನ ಚೀಟಿಗಳಲ್ಲಿ ನಮ್ಮ ದೇವತೆಗಳ ಚಿತ್ರ. ಹತ್ತಿಗೆ ನಿಲ್ಲುವ ಕೆಂಪನ್ನು ಏರಿಸುವ ವಿದ್ಯೆ ಭಾರತದ ಬಣ್ಣಗಾರರಿಗೆ ಪುರಾತನವಾಗಿ ತಿಳಿದದ್ದು. ಅದೇ ಕೆಂಪು ಸ್ಕಾಟ್ಲೆಂಡಿನ ಸರೋವರದ ನೀರಿನಲ್ಲಿ ಮಿಂದು ನಮ್ಮವರ ಅಂಗಡಿಗೆ ಮರಳಿತು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಬಹು ಮಂದಿ ಹೆಂಗಸರು. ಕಡಿಮೆ ಕೂಲಿಯನ್ನು ಸಹಿಸಲಾರದೆ 1911ರ ಡಿಸೆಂಬರಿನಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಮುಂದೆ ಭಾರತದ ಗಿರಣಿಗಳು ಬೆಳೆದುವು, ಬೇಡಿಕೆ ಇಳಿಯಿತು. 1960ರ ಸುಮಾರಿಗೆ ಆ ಉದ್ಯಮ ಮುಗಿಯಿತು. ಅಚ್ಚಿನ ಮಾದರಿಗಳ ಪುಸ್ತಕಗಳನ್ನು ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಾಪಾಡಿಕೊಂಡು ಬಂದಿದೆ.

ಸರೋವರದ ದುಡಿಮೆ ಮಾತ್ರ ನಿಂತಿಲ್ಲ. ಪಶ್ಚಿಮದ ಬೆಟ್ಟದ ಮೇಲಿನ ಸ್ಲಾಯ್ ಜಲಾಶಯದ ನೀರು 1950ರಿಂದ ಕೊಳವೆಗಳಲ್ಲಿ ಧುಮುಕಿ, ದಡದ ಮೇಲೆ ವಿದ್ಯುತ್ತನ್ನು ಹುಟ್ಟಿಸಿ ಲೋಮಂಡನ್ನು ಸೇರುತ್ತಿದೆ. 2002ರಲ್ಲಿ ಈ ಪ್ರದೇಶ ಸ್ಕಾಟ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಏಕಾಂತವನ್ನು ಅರಸಿ ಬರುವವರ ಸಂದಣಿ ಎಷ್ಟೆಂದರೆ, ಪೂರ್ವದಡದಲ್ಲಿ ಡೇರೆ ಹೂಡುವುದಕ್ಕೆ 2011ರಲ್ಲಿ ಕಟ್ಟುಪಾಡು ವಿಧಿಸಬೇಕಾಯಿತು.

ಎರಡು ಸೀಮೆಗಳ ಗಡಿಯ ಮೇಲೆಯೇ ನಿಂತಿರುವ ಇಂಚ್‌ಕೈಲಖ್ ದ್ವೀಪದಲ್ಲಿ ಇಂದು ದಟ್ಟವಾದ ಓಕ್ ಕಾಡಿದೆ. ನೋಡಿದವರು ಆದಿಕಾಲದ ವನವೆಂದೇ ಭಾವಿಸುತ್ತಾರೆ. ಆದರೆ ತೊಗಲು ಹದಮಾಡುವ ತೊಗಟೆಗಾಗಿ ಮನುಷ್ಯರು ಕಡಿದು, ಚಿಗುರಿಸಿ, ಮತ್ತೆ ಕಡಿದು ಬೆಳೆಸಿದ ಕಾಡು ಅದು. ಮರಗಳ ನೆರಳಿನಲ್ಲಿ ಹಳೆಯ ಇಗರ್ಜಿಯ ಅಡಿಪಾಯವೂ ಒಂದು ಮಸಣವೂ ಇವೆ. ಅಲ್ಲಿ ಮಲಗಿರುವವರಲ್ಲಿ ಮೆಕ್‌ಗ್ರೆಗರ್ ಕುಲದವರೂ ಇದ್ದಾರೆ. ದೋಣಿಯಲ್ಲಿ ಬಂದವರು ಸಾಮಾನ್ಯವಾಗಿ ದ್ವೀಪದ ನೆತ್ತಿಯನ್ನು ಹತ್ತಿ ಸರೋವರದ ನೋಟವನ್ನು ನೋಡಿ ಹಿಂದಿರುಗುತ್ತಾರೆ. ದಾರಿಯಲ್ಲಿ ಈ ಕಲ್ಲುಗಳ ಬಳಿ ಒಂದಿಷ್ಟು ಹೊತ್ತು ನಿಂತವರಿಗೆ, ಮೇಲಿನಿಂದ ಕಾಣುವ ನೀರು ಬೇರೆಯಾಗಿಯೇ ಕಂಡೀತು.