ಗುಡ್ಡಕ್ಕೆ ಯಾವ ಕಾಲ?

ವಿಹಾರವೆಂದೊಡನೆ ನಮ್ಮವರ ಮನಸ್ಸು ಮಡಿಕೇರಿಗೋ ಕೆಮ್ಮಣ್ಣುಗುಂಡಿಗೋ ಓಡುತ್ತದೆ. ಅದಕ್ಕೆ ಬೇಸಿಗೆಯ ರಜೆ ಬೇಕು, ಕೈಯಲ್ಲಿ ಹಣವೂ ಬೇಕು. ವರ್ಷವೆಲ್ಲ ಕಾದು ನಾಲ್ಕು ದಿನ ಕಾಣುವ ಬೆಟ್ಟಕ್ಕಿಂತ ಬೇಕೆಂದಾಗ ಹತ್ತಬಹುದಾದ ಗುಡ್ಡವೇ ನನಗೆ ಹೆಚ್ಚು. ತುರ್ವಿಹಾಳದ ಸುತ್ತಲಿನ ಎರೆಭೂಮಿಯವರಾದ ನಮಗೆ ಅಂಥದೊಂದು ಮಸ್ಕಿಯಲ್ಲಿದೆ. ತಣ್ಣನೆಯ ಕಾಡೇನೂ ಅಲ್ಲಿಲ್ಲ. ಬಂಡೆಗಳ ರಾಶಿ, ಮೇಲೆ ಮಲ್ಲಿಕಾರ್ಜುನನ ಗುಡಿ.

ಗುಡ್ಡ ಎಲ್ಲ ಕಾಲಕ್ಕೂ ಒದಗುತ್ತದೆ. ಹೊತ್ತನ್ನು ಮಾತ್ರ ಅರಿತಿರಬೇಕು. ಬೇಸಿಗೆಯಲ್ಲಿ ನಸುಕಿನಲ್ಲೇ ಹತ್ತಿ, ಬಂಡೆ ಕಾಯುವ ಮುನ್ನ ಇಳಿಯುವುದು ಲೇಸು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಮೆಟ್ಟಿಲು ಬಿಟ್ಟು ಹೋಗಬಾರದು. ಆದರೆ ಬಂಡೆಯ ಕುಳಿಗಳಲ್ಲಿ ನಿಂತ ನೀರು, ಸಂದುಗಳಲ್ಲಿ ಚಿಗುರಿದ ಹುಲ್ಲು ಕಾಣುವುದು ಆಗಲೇ. ಚಳಿಗಾಲದಲ್ಲಿ ದಿನವೆಲ್ಲ ಅಲೆದಾಡಬಹುದು.

ಅಶೋಕನ ಶಾಸನವಿರುವುದೂ ಇಲ್ಲಿಯೇ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು ಅದನ್ನು ಕಂಡರು. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದನ್ನು ಈ ಬಂಡೆಯ ಮೇಲಿನ ಹೆಸರು ಖಚಿತಪಡಿಸಿತು. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಎತ್ತರಕ್ಕೆ ಏರಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲಲ್ಲ ಎಂಬುದು ಅದರ ತಾತ್ಪರ್ಯ.

ಹೋದವರು ಬಂಡೆಯ ಮೇಲೆ ತಮ್ಮ ಹೆಸರು ಗೀಚದಿರಲಿ. ಚಕ್ರವರ್ತಿಯ ಹೆಸರನ್ನೇ ಶತಮಾನಗಳ ಕಾಲ ಓದುವವರಿರಲಿಲ್ಲ! ಬುತ್ತಿಯ ಕಾಗದವನ್ನೂ ಮರಳಿ ತನ್ನಿ. ನಾಳೆ ಹೊರಡುವಿರಾದರೆ ಕುಡಿಯುವ ನೀರು ಜೊತೆಯಲ್ಲಿರಲಿ. ಮಕ್ಕಳಿದ್ದರೆ ಇನ್ನೊಂದು ತಂಬಿಗೆ ಹೆಚ್ಚು.