ಬಾಲಕಲಾವಿದೆಯ ನಡುವಿನ ವರ್ಷಗಳು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಶಾಲೆಯ ಇತಿಹಾಸವನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಅರ್ಹರಾದವರು ಈಗಾಗಲೇ ನೆರವೇರಿಸಿದ್ದಾರೆ. ಸಮಿತಿಯವರು ನನಗೆ ವಹಿಸಿರುವ ವಿಷಯ ಬಾಲಕಲಾವಿದರ ಬದುಕು. ಗಡಿಯ ಊರಿನ ಶಾಲೆಗೆ ಈ ವಿಷಯವೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆಯ ಕನ್ನಡದ ಮನೆಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಂಗಳೂರಿನ ವಾಹಿನಿಗಳೂ ಹತ್ತಿಕೊಳ್ಳುತ್ತವೆ. ಎಂಟು ವರ್ಷದ ಮಗು ದೊಡ್ಡವರ ಹಾಡನ್ನು ತಪ್ಪಿಲ್ಲದೆ ಹಾಡುತ್ತದೆ. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅದನ್ನು ನೋಡುವ ತಾಯಿಗೆ ಪಕ್ಕದಲ್ಲಿ ಕುಳಿತ ತನ್ನ ಮಗಳ ಕಡೆಗೆ ಕಣ್ಣು ಹೋಗುತ್ತದೆ. ಇವಳೂ ಹಾಡುತ್ತಾಳಲ್ಲ, ಪ್ರಾರ್ಥನೆಗೆ ಗುರುಗಳು ಇವಳನ್ನೇ ಮುಂದೆ ನಿಲ್ಲಿಸುತ್ತಾರಲ್ಲ ಎಂಬ ಆಸೆ ಮೂಡುತ್ತದೆ. ಆ ಆಸೆಯಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ಹೊತ್ತು ಹೊರಡುವ ಮುನ್ನ, ಈ ದಾರಿಯಲ್ಲಿ ನಡೆದವರು ಎಲ್ಲಿಗೆ ತಲುಪಿದರು, ಹೇಗೆ ತಲುಪಿದರು ಎಂಬುದನ್ನು ತಿಳಿಯುವುದು ಒಳಿತು.

ಮೊದಲಿಗೆ ದೂರದರ್ಶನ ಬರುವುದಕ್ಕೂ ಮುನ್ನ ಬಾಲನಟಿಯಾಗಿದ್ದ ಒಬ್ಬರ ಬದುಕನ್ನು ತಮ್ಮ ಮುಂದಿಡುತ್ತೇನೆ. ಅವರು ಬಿ. ಜಯಶ್ರೀ. 1950ರ ಜೂನ್ 9ರಂದು ಜನಿಸಿದ ಅವರು ನಾಟಕರತ್ನ ಗುಬ್ಬಿ ವೀರಣ್ಣನವರ ಮೊಮ್ಮಗಳು, ತಾಯಿ ಜಿ.ವಿ. ಮಾಲತಮ್ಮನವರೂ ಕಂಪನಿಯ ನಟಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೆಂದರೆ ಊರಿಂದೂರಿಗೆ ಸಾಗುವ ಒಂದು ಪುಟ್ಟ ಊರೇ ಆಗಿತ್ತು. ಅಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ರಂಗವೇ ಅಂಗಳ. ಜಯಶ್ರೀ ತೀರ ಎಳವೆಯಲ್ಲಿಯೇ ಬಣ್ಣ ಹಚ್ಚಿದರು. ಕಂಪನಿ ನಾಟಕದಲ್ಲಿ ನಟನೆ ಬೇರೆ, ಗಾಯನ ಬೇರೆ ಎಂಬ ಭೇದವಿಲ್ಲ. ಧ್ವನಿವರ್ಧಕದ ಹಂಗಿಲ್ಲದೆ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕು, ಹಾಡು ಮುಟ್ಟಬೇಕು ಎಂಬುದು ಆ ರಂಗಭೂಮಿಯ ಮೊದಲ ಪಾಠ.

ಇಷ್ಟು ದೊಡ್ಡ ಮನೆತನದ ಮಗುವಿಗೆ ಮುಂದಿನ ದಾರಿ ಸಲೀಸಾಗಿತ್ತು ಎಂದು ನಾವು ಭಾವಿಸಬಹುದು. ವಾಸ್ತವವಾಗಿ, ಅವರು ಬೆಳೆಯುತ್ತಿದ್ದ ಕಾಲದಲ್ಲಿ ಕಂಪನಿ ನಾಟಕದ ವೈಭವ ಇಳಿಮುಖವಾಗಿತ್ತು; ಸಿನಿಮಾ ಅದರ ಪ್ರೇಕ್ಷಕರನ್ನು ಸೆಳೆದುಕೊಳ್ಳುತ್ತಿತ್ತು. ಬಾಲ್ಯದಲ್ಲಿ ಕಲಿತ ವಿದ್ಯೆಯನ್ನೇ ನೆಚ್ಚಿಕೊಂಡು ಕುಳಿತಿದ್ದರೆ ಅವರು ಕಂಪನಿಯ ಹಳೆಯ ನೆನಪಾಗಿ ಉಳಿದುಬಿಡುತ್ತಿದ್ದರೋ ಏನೋ. ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿದರು. ಆಗ ಅದರ ನಿರ್ದೇಶಕರಾಗಿದ್ದವರು ಇಬ್ರಾಹಿಂ ಅಲ್ಕಾಜಿ, ಶಿಸ್ತಿಗೆ ಹೆಸರಾದವರು. ಹುಟ್ಟಿನಿಂದಲೇ ರಂಗದ ಮೇಲಿದ್ದ ಯುವತಿ ಅಲ್ಲಿ ಮತ್ತೆ ವಿದ್ಯಾರ್ಥಿನಿಯಾದರು. ಅಜ್ಜನ ಮನೆಯಲ್ಲಿ ಕಂಡರಿಯದ ನಾಟಕಗಳನ್ನು, ಪರಭಾಷೆಯ ಸಹಪಾಠಿಗಳ ನಡುವೆ, ಮೊದಲಿನಿಂದ ಕಲಿತರು. 1973ರಲ್ಲಿ ಅಲ್ಲಿಂದ ಪದವಿ ಪಡೆದಾಗ ಅವರಿಗೆ ಇಪ್ಪತ್ತಮೂರು ವರ್ಷ.

ಅನಂತರದ ಸಾಧನೆ ತಮಗೆ ತಿಳಿದದ್ದೇ. 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದರು. ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯನ್ನು ರಂಗಕ್ಕೆ ತಂದರು, ‘ಲಕ್ಷಾಪತಿ ರಾಜನ ಕಥೆ’ಯನ್ನು ಆಡಿಸಿದರು. ಕಂಪನಿಯಿಂದ ಬಂದ ಕಂಠ, ಜನಪದದಿಂದ ಬಂದ ಲಯ, ದೆಹಲಿಯಿಂದ ಬಂದ ಶಿಸ್ತು ಮೂರೂ ಅಲ್ಲಿ ಕೂಡಿದವು. ಸಿನಿಮಾದ ಅನೇಕ ನಾಯಕಿಯರಿಗೆ ಅವರು ಕಂಠದಾನ ಮಾಡಿದರು. ‘ನಾಗಮಂಡಲ’ ಚಿತ್ರದ ಕುರುಡವ್ವನಾಗಿ ನಟಿಸಿದರು. 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದಲ್ಲಿ ಐವತ್ತು ದಾಟಿದ ಕಂಠದಿಂದ ಅವರು ಹಾಡಿದ ಕಾರಿನ ಹಾಡನ್ನು ನಾಡಿನ ಮಕ್ಕಳೆಲ್ಲ ಗುನುಗಿದರು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ ಇವೆಲ್ಲ ಅವರನ್ನು ಅರಸಿ ಬಂದವು.

ಈ ಪಟ್ಟಿಯನ್ನು ಹೇಳಿದ್ದು ಪ್ರಶಸ್ತಿಗಳ ಮೇಲಿನ ಬೆರಗಿನಿಂದಲ್ಲ. ಬಾಲನಟಿಯಾಗಿದ್ದ ಎಳವೆಗೂ ಇಪ್ಪತ್ತಮೂರರ ಪದವಿಗೂ ನಡುವೆ ಇರುವ ವರ್ಷಗಳ ಕಡೆಗೆ ತಮ್ಮ ಗಮನ ಸೆಳೆಯುವುದಕ್ಕಾಗಿ ಹೇಳಿದೆ. ಮಗುವಿನ ಕಲೆ ಒಂದು, ಪ್ರೌಢ ಕಲಾವಿದೆಯ ಕಲೆ ಇನ್ನೊಂದು. ಮೊದಲನೆಯದು ತಾನಾಗಿ ಎರಡನೆಯದಾಗುವುದಿಲ್ಲ. ನಡುವೆ ಒಂದು ಹೊಳೆಯುಂಟು. ಅದನ್ನು ದಾಟಿಸುವುದು ಕಲಿಕೆ.

ಆ ಹೊಳೆ ಗಾಯಕಿಯ ಪಾಲಿಗೆ ಎಷ್ಟು ನಿಜವೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಬದುಕೇ ಸಾಕ್ಷಿ. 1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಅಂದಿನ ಕಾಲಕ್ಕೆ ಅದಕ್ಕಿಂತ ದೊಡ್ಡ ವೇದಿಕೆ ಯಾವುದಿತ್ತು? ಆದರೆ ಅಂದು ಹಾಡಿದ ಆ ಎಳೆಯ ಕಂಠ ಅವರೊಡನೆ ಉಳಿಯಲಿಲ್ಲ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ತಗ್ಗಿ, ಗಂಡುದನಿಯೋ ಎಂಬಷ್ಟು ಗಂಭೀರವಾಯಿತು. ದನಿಯೇ ಬಂಡವಾಳವಾಗಿದ್ದವರಿಗೆ ಇದು ಎಂಥ ಆಘಾತ! ಆದರೆ ಅವರಿಗೆ ದನಿಯೊಂದೇ ಬಂಡವಾಳವಾಗಿರಲಿಲ್ಲ, ವಿದ್ಯೆಯೂ ಇತ್ತು. ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು, ಒಂದೊಂದೇ ಸ್ವರವನ್ನು ತಿದ್ದಿ ತೀಡಿ ಕಲಿತಿದ್ದರು. ಕಂಠ ಬದಲಾದರೂ ಕಲಿತ ರಾಗ ಬದಲಾಗಲಿಲ್ಲ. ಯಾವ ದನಿಯನ್ನು ಬೇರೆಯವರು ನಷ್ಟವೆಂದು ಬಗೆಯಬಹುದಿತ್ತೋ ಆ ದನಿಯೇ ಕಿರಾನಾ ಘರಾಣೆಯ ಹೆಮ್ಮೆಯಾಯಿತು.

ಪ್ರತಿಯೊಂದು ಮಗುವಿನ ಕಂಠವೂ ಹನ್ನೆರಡು–ಹದಿನಾಲ್ಕರ ಪ್ರಾಯದಲ್ಲಿ ಬದಲಾಗುತ್ತದೆ. ಗಂಡುಮಕ್ಕಳಲ್ಲಿ ಅದು ಎದ್ದು ಕೇಳುತ್ತದೆ. ಹೆಣ್ಣುಮಕ್ಕಳಲ್ಲಿ ಮೆಲ್ಲಗೆ ನಡೆಯುತ್ತದೆ, ಆದರೆ ತಪ್ಪದೆ ನಡೆಯುತ್ತದೆ. ದನಿ ಒಡೆಯುವ ಆ ದಿನಗಳಲ್ಲಿ ಗಂಟಲಿಗೆ ಬಿಡುವು ಬೇಕು, ತಿಳಿದವರ ಮೇಲ್ವಿಚಾರಣೆ ಬೇಕು. ಸ್ಪರ್ಧೆಗಾಗಿ ದೊಡ್ಡವರ ಶ್ರುತಿಯಲ್ಲಿ ದಿನವಿಡೀ ಕೂಗಿಸಿದರೆ ಹಾಳಾಗುವುದು ಒಂದು ಕಾರ್ಯಕ್ರಮವಲ್ಲ, ಮಗುವಿನ ಮುಂದಿನ ಕಂಠ.

ಇನ್ನು ದೂರದರ್ಶನದ ಕಾಲಕ್ಕೆ ಬರೋಣ. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇಲ್ಲಿರುವ ಹಿರಿಯರಿಗೆಲ್ಲ ನೆನಪಿದೆ. ಅದರ ಸ್ವಾಮಿಯ ಪಾತ್ರದಿಂದ ಮಾಸ್ಟರ್ ಮಂಜುನಾಥ್ ದೇಶಕ್ಕೆಲ್ಲ ಪರಿಚಿತರಾದರು. ಮೂರು ವರ್ಷದ ಮಗುವಾಗಿದ್ದಾಗಲೇ ನಟನೆಗೆ ಬಂದಿದ್ದ ಅವರು ಹತ್ತೊಂಬತ್ತರ ಹೊತ್ತಿಗೆ ಆ ವೃತ್ತಿಯನ್ನು ತಾವಾಗಿ ಬಿಟ್ಟು, ಓದನ್ನು ಮುಂದುವರಿಸಿ, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಬೇರೆ ಉದ್ಯೋಗ ಹಿಡಿದರು. ಇದನ್ನು ಕೆಲವರು ‘ಪ್ರತಿಭೆ ಅರ್ಧಕ್ಕೇ ನಿಂತಿತು’ ಎಂದು ಮರುಗುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಓದು ಕೈಯಲ್ಲಿದ್ದುದರಿಂದಲೇ ಬಿಡುವ ಸ್ವಾತಂತ್ರ್ಯ ಅವರಿಗಿತ್ತು. ಬಿಡಲು ಬರುವವನಿಗೆ ಮಾತ್ರ ಹಿಡಿಯುವುದೂ ಗೌರವದ ಕೆಲಸವಾಗುತ್ತದೆ.

ಪುನೀತ್ ರಾಜ್‌ಕುಮಾರ್ ಅವರದು ಮತ್ತೊಂದು ಬಗೆ. ಹಸುಳೆಯಾಗಿದ್ದಾಗಲೇ ತೆರೆಯ ಮೇಲೆ ಬಂದವರು. ಬಾಲಕನಾಗಿದ್ದಾಗಲೇ ತಮ್ಮ ಪಾತ್ರಗಳಿಗೆ ತಾವೇ ಹಾಡಿದವರು. 1985ರ ‘ಬೆಟ್ಟದ ಹೂವು’ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಆ ಚಿತ್ರದ ಬಡ ಹುಡುಗ ರಾಮಾಯಣದ ಪುಸ್ತಕ ಕೊಳ್ಳುವುದಕ್ಕಾಗಿ ಹಣ ಕೂಡಿಡುವುದನ್ನು ತಾವು ಮರೆತಿರಲಾರಿರಿ. 1989ರ ‘ಪರಶುರಾಮ್’ ಆದ ಮೇಲೆ 2002ರ ‘ಅಪ್ಪು’ವಿನ ವರೆಗೆ ಹದಿಮೂರು ವರ್ಷ ಅವರು ನಾಯಕನಾಗಿ ತೆರೆಗೆ ಬರಲಿಲ್ಲ. ನಾಡಿನ ಅತಿ ಪ್ರಸಿದ್ಧ ಮನೆಯ ಮಗ, ರಾಷ್ಟ್ರಪ್ರಶಸ್ತಿ ಪಡೆದವರು. ಆದರೂ ಹದಿಮೂರು ವರ್ಷ ಕಾದರು. ಹಾಗಿರುವಾಗ ನಮ್ಮ ಮನೆಯ ಮಗುವಿಗೆ ಈ ವರ್ಷವೇ ಎಲ್ಲವೂ ಆಗಿಬಿಡಬೇಕೆಂಬ ಆತುರ ನಮಗೇಕೆ?

ಮಹನೀಯರೇ, ಈ ನಾಲ್ವರ ಹಾದಿಗಳು ಬೇರೆ ಬೇರೆ. ಒಬ್ಬರು ಕಲಿಯಲು ದೂರ ಹೋದರು, ಒಬ್ಬರು ಗುರುವಿನ ಬಳಿ ಕುಳಿತರು, ಒಬ್ಬರು ಕಲೆಯನ್ನು ಬಿಟ್ಟು ಓದಿದರು, ಒಬ್ಬರು ಕಾದರು. ನಾಲ್ವರಲ್ಲಿಯೂ ಸಮಾನವಾದದ್ದು ಒಂದೇ: ಬಾಲ್ಯದ ಚಪ್ಪಾಳೆಗೂ ಮುಂದಿನ ಬದುಕಿಗೂ ನಡುವೆ ಅವರಿಗೆ ಅವಕಾಶವೊಂದು ದೊರೆಯಿತು. ಆ ಅವಕಾಶವನ್ನು ಮಗು ತಾನೇ ಮಾಡಿಕೊಳ್ಳಲಾರದು. ಅದನ್ನು ಕಾಯ್ದು ಕೊಡಬೇಕಾದವರು ಹಿರಿಯರು.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನೂ ಮೌನವಾಗಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿ, ಸಿನಿಮಾ ಹಾಗೂ ದೂರದರ್ಶನದ ಕಲಾವಿದರಾಗಲು ಷರತ್ತಿನ ಮೇಲೆ ಅವಕಾಶ ನೀಡಿದೆ. ಶಾಲೆಯ ಓದಿಗೆ ಧಕ್ಕೆಯಾಗಕೂಡದೆಂಬುದು ಅದರ ಮೂಲ ಷರತ್ತು. 2017ರ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಸತತವಾಗಿ 27 ದಿನಗಳನ್ನು ದಾಟುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಮಗುವಿನ ಗಳಿಕೆಯಲ್ಲಿ ಶೇಕಡಾ 20ರಷ್ಟನ್ನಾದರೂ ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಮಗುವಿಗೇ ಸೇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ತೊಡಗಿಸುವಂತಿಲ್ಲ. ಆಯ್ಕೆಯ ಪತ್ರ ಬಂದ ಮನೆಯವರು ಸಹಿ ಹಾಕುವ ಮುನ್ನ ಈ ಮಾತುಗಳನ್ನು ಕೇಳಿ ತಿಳಿಯಲಿ. ಕೇಳಿದರೆ ಅವಕಾಶ ತಪ್ಪೀತೆಂಬ ಅಂಜಿಕೆ ಬೇಡ. ಇಷ್ಟು ಕೇಳಿದ್ದಕ್ಕೇ ತಪ್ಪಿಹೋಗುವ ಅವಕಾಶ ಮಗುವಿಗೆ ತಕ್ಕುದಲ್ಲ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ಸ್ಪರ್ಧೆಗೆ ಹೋದ ಹುಡುಗಿ ಗೆದ್ದು ಬಂದರೆ ಊರಲ್ಲಿ ಮೆರವಣಿಗೆಯಾಗುತ್ತದೆ. ಮೂರನೆಯ ವಾರವೇ ಹೊರಬಿದ್ದು ಬಂದರೆ ಅವಳು ನೇರವಾಗಿ ಬರುವುದು ತನ್ನ ಬೆಂಚಿಗೆ. ಲಕ್ಷಾಂತರ ಜನರ ಮುಂದೆ ಸೋತ ಮಗು ಅದು. ಆ ದಿನ ಅವಳಿಗೆ ಬೇಕಾದುದು ಸಾಂತ್ವನದ ಭಾಷಣವಲ್ಲ. ತಪ್ಪಿಹೋದ ಲೆಕ್ಕದ ಪಾಠ, ಗೆಳತಿಯ ಪಕ್ಕದ ತನ್ನ ಜಾಗ, ನಾಳೆಯ ಪ್ರಾರ್ಥನೆಯಲ್ಲಿ ಎಂದಿನಂತೆ ಹಾಡುವ ಸರದಿ. ಯಾರೂ ಅಂಕ ಕೊಡದ ಹಾಡು ಶಾಲೆಯಲ್ಲಿ ಮಾತ್ರ ಉಳಿದಿದೆ. ಅದನ್ನು ಉಳಿಸಿಕೊಳ್ಳೋಣ.

ಕೊನೆಯದಾಗಿ ಭಾಷೆಯ ಮಾತು. ತೆಲುಗು, ಉರ್ದುಗಳ ನೆರೆಯಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡಕ್ಕೆ ಅದರದೇ ಆದ ಏರಿಳಿತವಿದೆ. ಬೆಂಗಳೂರಿನ ವೇದಿಕೆಗೆ ಹೋದಾಗ ಅದನ್ನು ಮರೆಮಾಚಬೇಕೆಂಬ ಸಂಕೋಚ ಅವರಿಗೆ ಬೇಡ. ಕಂಬಾರರ ‘ಕರಿಮಾಯಿ’ ಉತ್ತರ ಕರ್ನಾಟಕದ ಹಳ್ಳಿಯ ನುಡಿಯಲ್ಲಿಯೇ ರಂಗದ ಮೇಲೆ ಮೊಳಗಿತು. ಆದರೆ ನುಡಿಯ ಹೆಮ್ಮೆಯ ಜೊತೆಗೆ ಓದೂ ಇರಬೇಕು. ಪದದ ಅರ್ಥ ತಿಳಿದು ಹಾಡುವ ಮಗುವಿಗೂ ಉರುಹೊಡೆದು ಹಾಡುವ ಮಗುವಿಗೂ ಇರುವ ಅಂತರ ಹತ್ತನೆಯ ವಯಸ್ಸಿನಲ್ಲಿ ಕಾಣದಿರಬಹುದು. ಇಪ್ಪತ್ತರಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಆ ಅರ್ಥವನ್ನು ಕಲಿಸುವ ಕೆಲಸವನ್ನು ನೂರು ವರ್ಷಗಳಿಂದ ಈ ಶಾಲೆ ಗಡಿಯ ಈಚೆಗೆ ನಿಂತು ಮಾಡುತ್ತ ಬಂದಿದೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಉಳಿಯುವುದೇ ಕಷ್ಟವಾಗಿರುವ ಈ ದಿನಗಳಲ್ಲಿ, ವಾಹಿನಿಯಲ್ಲಿ ಕನ್ನಡದ ಹಾಡಿಗೆ ತಲೆದೂಗುವ ನಾವು ಅದೇ ಕನ್ನಡದ ತರಗತಿಗೆ ಮಗುವನ್ನು ಕಳಿಸಲು ಹಿಂಜರಿಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ತನಗೆ ತಾನೇ ಕೇಳಿಕೊಳ್ಳಲಿ.

ನಿಮ್ಮ ಮಗಳು ಹಾಡಲಿ, ಕುಣಿಯಲಿ, ಬಣ್ಣ ಹಚ್ಚಲಿ. ಕರೆ ಬಂದರೆ ಹೋಗಿಬರಲಿ. ಆದರೆ ಹೋಗುವಾಗ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿರಲಿ, ಬರುವಾಗ ಈ ಬಾಗಿಲು ತೆರೆದಿರಲಿ. ಅಷ್ಟನ್ನು ಮನೆ ಮತ್ತು ಶಾಲೆ ಕೂಡಿ ನೋಡಿಕೊಂಡರೆ ಉಳಿದುದನ್ನು ಅವಳೇ ನೋಡಿಕೊಳ್ಳುತ್ತಾಳೆ.